ಹೆಂಡಿ ಕಲಸೋರು ಯಾರು?

ಕಾರ ಹುಣ್ಣಿಮೆಗೆ ಊರಿಗೆ ಹೊರಟಿದ್ದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗಾವಿ ಮುಟ್ಟಿದಾಗ ಚೆನ್ನಾಗಿ ಬೆಳಕಾಗಿತ್ತು. ಗೆಳೆಯನ ರೂಮು ಕೋಟೆಯ ಹತ್ತಿರ. ನಾನು ಬಂದಾಗಲೆಲ್ಲ ಅವನ ಬೈಕು ಎರಡು ದಿನ ನನ್ನದು, ಇದು ಕಾಲೇಜಿನ ಕಾಲದಿಂದ ನಡೆದು ಬಂದ ಕರಾರು. ಟ್ಯಾಂಕು ಮಾತ್ರ ಅವನು ಯಾವತ್ತೂ ಖಾಲಿಯೇ ಇಟ್ಟಿರುತ್ತಾನೆ. ಅದೂ ಕರಾರಿನ ಭಾಗವೇ ಇರಬೇಕು.

ಪೆಟ್ರೋಲ್ ಪಂಪಿನಲ್ಲಿ ನನ್ನ ಮುಂದೆ ಹಿರಿಯರೊಬ್ಬರು ಡೀಸೆಲ್ ಕ್ಯಾನ್ ಹಿಡಿದು ನಿಂತಿದ್ದರು. ಹುಡುಗ ದರ ಹೇಳಿದ ಕೂಡಲೇ ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡರು.

"ಹ್ವಾದ ವಾರ ಇಷ್ಟ ಇರಲಿಲ್ಲಲ್ಲೋ?"

"ಶನಿವಾರದಿಂದ ಏರೈತ್ರಿ ಅಜ್ಜಾರ."

"ಯಾರ ಏರಿಸ್ಯಾರ?"

ಹುಡುಗ ನಕ್ಕ. "ಅದೆಲ್ಲಾ ಗೊತ್ತಿದ್ರ ನಾ ಇಲ್ಲ್ಯಾಕ ಪೈಪ ಹಿಡಕೊಂಡ ನಿಂದರ್ತಿದ್ನಿರಿ?"

ಯಾರು ಏರಿಸಿದ್ದು ಅನ್ನೋದೇನೋ ಈ ಸಲ ಸ್ಪಷ್ಟವಾಗಿತ್ತು. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೂ, ಡೀಸೆಲ್‌ದನ್ನು ಶೇ. 14.34ರಿಂದ 18.44ಕ್ಕೂ ಏರಿಸಿತ್ತು. ಲೀಟರಿಗೆ ಮೂರು ರೂಪಾಯಿಯ ಲೆಕ್ಕ. ಹಾಗಂತ ಒಬ್ಬರ ಕಡೆಗೇ ಬೆರಳು ತೋರಿಸಲೂ ಬರೋದಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾ ತೈಲದ ದರ ಒಂದು ದಿನ ಸೊನ್ನೆಗಿಂತ ಕೆಳಗೆ ಇಳಿದಿತ್ತಲ್ಲ, ಆಗ ನಮ್ಮ ಪಂಪುಗಳಲ್ಲಿ ಅಗ್ಗ ಆಯಿತಾ? ಮುಂದಿನ ತಿಂಗಳೇ ಕೇಂದ್ರ ಸರ್ಕಾರ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಅಬಕಾರಿ ಸುಂಕ ಏರಿಸಿತು. ಹೊರಗೆ ಏರಿದರೆ ಇಲ್ಲೂ ಏರುತ್ತದೆ, ಹೊರಗೆ ಇಳಿದರೆ ಇಲ್ಲಿ ತೆರಿಗೆ ಏರುತ್ತದೆ. ಆ ಅಜ್ಜ ಕೊನೆಗೆ ಐದು ಲೀಟರಿನ ಬದಲು ನಾಲ್ಕು ಹಾಕಿಸಿಕೊಂಡು ಹೋದರು.

ನಮ್ಮ ಬೆಳಗಾವಿಯವರಿಗೆ ಇದರಲ್ಲಿ ಇನ್ನೊಂದು ಸಂಕಟ ಇದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ಗೋವಾ. ಮೂರು ರಾಜ್ಯದ ಮೂರು ದರ ನಮಗೆ ಬಾಯಿಪಾಠ. 2012ರಲ್ಲಿ ಮನೋಹರ್ ಪರ್ರಿಕರ್ ಮುಖ್ಯಮಂತ್ರಿ ಆದ ಕೂಡಲೇ ಪೆಟ್ರೋಲ್ ಮೇಲಿನ ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿ, ಗೋವಾದಲ್ಲಿ ಲೀಟರಿಗೆ ಸುಮಾರು 11 ರೂಪಾಯಿ ಇಳಿದಿತ್ತು. ಆಗ ನಮ್ಮ ಗೆಳೆಯರ ಗುಂಪಿನಲ್ಲಿ ಚೋರ್ಲಾ ಘಾಟ್ ಇಳಿದು ಟ್ಯಾಂಕು ತುಂಬಿಸಿಕೊಂಡು ಬರೋದು ಅಂದರೆ ಒಂದು ಸಾಧನೆ. ಹೋಗಿ ಬರಲಿಕ್ಕೆ ಸುಟ್ಟ ಪೆಟ್ರೋಲಿನ ಲೆಕ್ಕ ಯಾರೂ ಹಾಕುತ್ತಿರಲಿಲ್ಲ. ಬಿಇ ಓದಿದವರು ನಾವು.

ಈ ಲೆಕ್ಕಕ್ಕೆ ಬರದ ಲೆಕ್ಕದ ಬಗ್ಗೆಯೇ ನಾನು ಬರೆಯಬೇಕು ಅಂತಿರೋದು. ಅದಕ್ಕೆ ಎರಡು ವರ್ಷ ಹಿಂದೆ ಹೋಗಬೇಕು.

2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದವನು 2023ರ ಶುರುವಿನ ತನಕ ಅಲ್ಲೇ ಇದ್ದೆ. ನಮ್ಮೂರು ಖಾನಾಪುರ ತಾಲೂಕಿನ ಮೂಡಣ ಸೆರಗಿನಲ್ಲಿದೆ, ಇಟಗಿ, ಪಾರಿಶ್ವಾಡದ ಕಡೆ. ಪಡುವಣದ ಕಣಕುಂಬಿ ಕಡೆಯಷ್ಟು ಮಳೆ ಇಲ್ಲ, ಆದರೂ ಜೂನ್ ಹಿಡಿದರೆ ಅರಿವೆ ಒಣಗೋದಿಲ್ಲ. ನೆಟ್‌ವರ್ಕು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. ಹಾಗಾಗಿ ದೊಡ್ಡ ಮೀಟಿಂಗು ಇದ್ದ ದಿನ, ವಾರಕ್ಕೆ ಮೂರು ಸಲ, ಕೋಟೆ ಹತ್ತಿರದ ಇದೇ ಗೆಳೆಯನ ರೂಮಿಗೆ ಬಂದು ಕೂರುತ್ತಿದ್ದೆ. ಹೋಗಿ ಬರಲಿಕ್ಕೆ 90 ಕಿಲೋಮೀಟರು.

ಆ ವರ್ಷದ ಬೇಸಿಗೆ ನಿಮಗೂ ನೆನಪಿರಬಹುದು. ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ ನಾಲ್ಕೂವರೆ ತಿಂಗಳು ಕಲ್ಲಿನ ಹಾಗೆ ನಿಂತಿದ್ದ ದರ, 2022ರ ಮಾರ್ಚ್ 22ರಿಂದ ಏಪ್ರಿಲ್ 6ರ ಒಳಗೆ 14 ಸಲ ಏರಿ 10 ರೂಪಾಯಿ ಜಾಸ್ತಿ ಆಯಿತು. ಪೆಟ್ರೋಲು 110 ದಾಟಿತು. ನನ್ನ ಬೈಕಿನ ಖರ್ಚು ತಿಂಗಳಿಗೆ ಮೂರು ಸಾವಿರದ ಹತ್ತಿರ ಬಂತು. ನನ್ನ ಸಂಬಳಕ್ಕೆ ಅದು ದೊಡ್ಡದಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೋಟೆ ಕೆರೆ ದಂಡೆಯಲ್ಲಿ ಕೂತಾಗ ತಲೆಯಲ್ಲಿ ಇದೇ ಓಡುತ್ತಿತ್ತು. ಕೋಟೆ ಕಟ್ಟುವುದೇ ಹೊರಗಿನಿಂದ ಬರೋದು ನಿಂತರೂ ಒಳಗೆ ಒಲೆ ಉರಿಯಲಿ ಅಂತ ಅಲ್ಲವಾ? 1818ರಲ್ಲಿ ಮುನ್ರೋ ಮುತ್ತಿಗೆ ಹಾಕಿದಾಗ ಈ ಕೋಟೆ ಸುಮಾರು ಮೂರು ವಾರ ತಡೆದು ಏಪ್ರಿಲ್ 10ಕ್ಕೆ ಶರಣಾಯಿತು. ನಮ್ಮ ದೇಶವೂ ಈಗ ಎಣ್ಣೆಗೊಂದು ಕೋಟೆ ಕಟ್ಟಿಕೊಂಡಿದೆ. ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು, ಆಚೆ ವಿಶಾಖಪಟ್ಟಣ, ಮೂರೂ ಕಡೆ ನೆಲದೊಳಗೆ ಬಂಡೆ ಕೊರೆದು ಗುಹೆ ಮಾಡಿದ್ದಾರೆ. ಮೂರೂ ಸೇರಿ 53.3 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತವೆ. ತುಂಬಿಟ್ಟರೆ ದೇಶಕ್ಕೆ ಒಂಬತ್ತೂವರೆ ದಿನ. ಕಂಪನಿಗಳ ದಾಸ್ತಾನು ಬೇರೆ ಇರುತ್ತದೆ, ಒಪ್ಪೋಣ. ಆದರೂ ನೂರರಲ್ಲಿ 85 ಪಾಲಿಗಿಂತ ಹೆಚ್ಚು ಎಣ್ಣೆ ಹೊರಗಿನಿಂದ ತರುವ ಮನೆಗೆ ಆ ಗುಹೆ ಅಂದರೆ ನಮ್ಮ ಅಡುಗೆಮನೆ ಮೂಲೆಯಲ್ಲಿರುವ ಎರಡನೇ ಸಿಲಿಂಡರ್ ಇದ್ದ ಹಾಗೆ. ಇದೆ ಅನ್ನೋ ಧೈರ್ಯ, ಅಷ್ಟೇ.

ಸಿಲಿಂಡರ್ ಅಂದೆನಲ್ಲ. ಅದರ ಕಥೆಯೇ ಮುಖ್ಯ.

ಮೇ ತಿಂಗಳಲ್ಲಿ ಸಿಲಿಂಡರ್ ಸಾವಿರ ದಾಟಿತು. ಒಂದು ದಿನ ಬೆಳಗಾವಿಗೆ ಹೊರಟವನು ಮೀಟಿಂಗು ರದ್ದಾಯಿತು ಅಂತ ಅರ್ಧ ದಾರಿಯಿಂದ ತಿರುಗಿ ಬಂದೆ. ಹಿತ್ತಲಲ್ಲಿ ಹೊಗೆ. ಅವ್ವ ಮೂರು ಕಲ್ಲು ಹೂಡಿ, ಹಂಚಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಕೆಂಪಗೆ. ಊದುಗೊಳವಿ ಪಕ್ಕದಲ್ಲಿ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಒರೆಸಿ ಫಳಫಳ ಇಟ್ಟಿದ್ದಾಳೆ, ಮದುವೆಯಲ್ಲಿ ಬಂದ ಪಾತ್ರೆ ಇಟ್ಟ ಹಾಗೆ.

"ಇದೇನವ್ವಾ? ಗ್ಯಾಸ್ ಇಟಗೊಂಡು ಕಟಗಿ ಯಾಕ ಉರಸ್ತಿ?"

"ಸಾವಿರ ರೂಪಾಯಿ ಸುಟ್ಟ ರೊಟ್ಟಿ ತಿನ್ನಾಕ ನಮಗೇನ ಬಾಳ ಬಂದೈತೇನೋ ತಮ್ಮಾ?"

"ರೊಕ್ಕಾ ನಾ ಕೊಡತೇನಲ್ಲ."

"ನೀ ಕೊಡ್ತಿ ಖರೆ. ಹಚ್ಚಾಕಿ ನಾ ಅಲ್ಲ? ಬುರ್ ಅಂತ ಸಪ್ಪಳಾದ್ರ ನನಗ ಎದಿ ಹೊಡಕೊಂತೈತಿ."

ಮೂರು ತಿಂಗಳಿಂದ ಹೀಗೇ ನಡೆದಿತ್ತಂತೆ. ನಾನು ಮನೆಯಲ್ಲಿದ್ದ ದಿನ ಗ್ಯಾಸು, ಬೆಳಗಾವಿಗೆ ಹೋದ ದಿನ ಕಟ್ಟಿಗೆ. ವಾರಕ್ಕೆರಡು ಸಲ ಪಕ್ಕದ ಮನೆ ಕಾಕೂ ಜೊತೆ ಕಟ್ಟಿಗೆ ಆರಿಸಲಿಕ್ಕೆ ಹೋಗುತ್ತಿದ್ದಳು. ಒಂದೊಂದು ಸಲಕ್ಕೂ ಅರ್ಧ ದಿನ. ಅವಳಿಗೆ ಅರವತ್ತೆರಡು ವಯಸ್ಸು, ಮೊಣಕಾಲು ನೋವು, ಮೇಲೆ ಚಳಿಗಾಲದಲ್ಲಿ ಬಿಡದ ಕೆಮ್ಮು. ಕೆಮ್ಮಿಗೆ ನಾನು ತಂದುಕೊಟ್ಟ ಔಷಧಿಯ ಖರ್ಚು ಸಿಲಿಂಡರಿಗಿಂತ ಜಾಸ್ತಿ ಆಗಿತ್ತು. ಪಕ್ಕದ ಕಾಕಾನ ಮನೆಯಲ್ಲಂತೂ ಕದ್ದು ಉರಿಸುವ ಮಾತೇ ಇಲ್ಲ. ಉಜ್ವಲ ಯೋಜನೆಯಲ್ಲಿ ಬಂದ ಅವರ ಸಿಲಿಂಡರು ಖಾಲಿಯಾಗಿ ವರ್ಷವಾಗಿತ್ತು. ಅದರ ಮೇಲೆ ಕಾಕೂ ಮೆಣಸಿನಕಾಯಿ ಬುಟ್ಟಿ ಇಟ್ಟಿದ್ದಳು.

ಆ ಗ್ಯಾಸ್ ಒಲೆ ನಮ್ಮನೆಗೆ ಬಂದದ್ದು ನನ್ನ ಮೊದಲ ಸಂಬಳದಲ್ಲಿ. 2010ರ ಜೂನ್. ಅದೇ ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಪೆಟ್ರೋಲ್ ದರದ ಮೇಲಿನ ಹಿಡಿತ ಬಿಟ್ಟಿತು, ಸಿಲಿಂಡರಿಗೆ 35 ರೂಪಾಯಿ ಏರಿಸಿತು. ಆಗ ನನಗೆ ಅದೆಲ್ಲ ಎಲ್ಲಿ ಕಾಣಬೇಕು. ಅವ್ವನನ್ನು ಹೊಗೆಯಿಂದ ಬಿಡಿಸಿದೆ ಅಂತ ಊರೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ. 2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರು ವರ್ಷಕ್ಕೆ ಆರೇ ಅಂದಾಗ ಅವ್ವ ಜಳಕದ ನೀರನ್ನು ಗ್ಯಾಸಿನಿಂದ ಇಳಿಸಿದಳು. ಆಮೇಲೆ ಆರು ಒಂಬತ್ತಾಗಿ, ಹನ್ನೆರಡಾದರೂ ಆ ನೀರು ಗ್ಯಾಸಿನ ಮೇಲೆ ಮತ್ತೆ ಏರಲಿಲ್ಲ. ದರ ಒಮ್ಮೆ ಕಲಿಸಿದ ಪಾಠವನ್ನು ಅವಳು ಮರೆಯೋದಿಲ್ಲ.

ಏನಾದರೂ ಮಾಡಲೇಬೇಕು ಅಂತ ಕೂತೆ. ಎಂಜಿನಿಯರ್ ಅಲ್ಲವಾ, ಮೊದಲು ಎಕ್ಸೆಲ್ ತೆರೆದೆ. ಜಳಕದ ನೀರಿಗೆ ಸೋಲಾರ್ ಹೀಟರ್ ಹಾಕಿಸಿದೆ, ಅದು ಸಲೀಸು. ಬಿಸಿಲಿರುವ ಎಂಟು ತಿಂಗಳು ಸುಖ, ಜೂನ್ ಬಂದರೆ ಅದು ಮಾಳಿಗೆ ಮೇಲಿನ ತಣ್ಣೀರ ತೊಟ್ಟಿ. ಇಂಡಕ್ಷನ್ ಒಲೆ ತಂದೆ. ಕರೆಂಟು ನಮ್ಮ ರೊಟ್ಟಿಯ ಹೊತ್ತು ನೋಡಿ ಹೋಗುತ್ತದೆ, ಮೇಲೆ ಅವ್ವನ ಪಾತ್ರೆಗಳೆಲ್ಲ ಅಲ್ಯುಮಿನಿಯಂ. ಅವಳು ಅದನ್ನು ಒಂದು ವಾರ ಬಳಸಿ, ಆಮೇಲೆ ಅದರ ಮೇಲೆ ಹಾಲಿನ ಪಾತ್ರೆ ಮುಚ್ಚಿಡಲಿಕ್ಕೆ ಶುರು ಮಾಡಿದಳು. ಎಲೆಕ್ಟ್ರಿಕ್ ಸ್ಕೂಟರಿನ ವಿಚಾರವೂ ಬಂತು. ಅದರಿಂದ ನನ್ನ ಮೂರು ಸಾವಿರ ಉಳಿಯುತ್ತಿತ್ತೇ ಹೊರತು ಅವ್ವನ ಕಣ್ಣಿನ ನೀರಲ್ಲ.

ಆಗ ಕಣ್ಣಿಗೆ ಬಿದ್ದದ್ದು ದನದ ಕೊಟ್ಟಿಗೆ ಹಿಂದಿನ ಗೊಬ್ಬರ ಗ್ಯಾಸು.

ಗೋಬರ್ ಗ್ಯಾಸನ್ನು ನಮ್ಮ ಕಡೆ ಎಲ್ಲರೂ ಗೊಬ್ಬರ ಗ್ಯಾಸು ಅಂತಲೇ ಅನ್ನೋದು, ಅರ್ಥವೂ ಸರಿಯಾಗಿಯೇ ಹೊಂದುತ್ತದೆ. 1995ರಲ್ಲಿ ಸರ್ಕಾರದ ಸಹಾಯಧನದಲ್ಲಿ ಅಪ್ಪ ಕಟ್ಟಿಸಿದ್ದು. ದೀನಬಂಧು ಅನ್ನೋ ಮಾದರಿ. ನೆಲದೊಳಗೆ ಇಟ್ಟಂಗಿಯ ಗುಮ್ಮಟ, ಒಂದು ಕಡೆ ಹೆಂಡಿ ಕಲಸುವ ತೊಟ್ಟಿ, ಇನ್ನೊಂದು ಕಡೆ ರಾಡಿ ಹೊರಬರುವ ಬಾಯಿ. ನಮ್ಮದು ಎರಡು ಘನ ಮೀಟರಿನದು. ದಿನಕ್ಕೆ 50 ಕಿಲೋ ಹೆಂಡಿ, ಅಷ್ಟೇ ನೀರು, ನಾಲ್ಕೈದು ದನ ಇರಬೇಕು. ಆಗ ನಮ್ಮಲ್ಲಿ ಎರಡು ಎತ್ತು, ಎರಡು ಎಮ್ಮೆ, ಒಂದು ಆಕಳು. ಶಾಲೆಗೆ ಹೋಗೋ ಮುಂಚೆ ಹೆಂಡಿ ಕಲಸೋದು ನನ್ನ ಕೆಲಸ. ಮೊಣಕೈ ತನಕ ಕೈ ಹಾಕಿ ಗಂಟು ಒಡೆದು, ಹುಲ್ಲುಕಡ್ಡಿ ಆರಿಸಿ ತೆಗೆದು, ಗೂಟ ಎಳೆದರೆ ಗುಳುಗುಳು ಅಂತ ಒಳಗೆ ಇಳಿಯುತ್ತಿತ್ತು. ಎಷ್ಟೇ ತೊಳೆದರೂ ಮೊದಲನೇ ಪಿರಿಯಡ್ ಮುಗಿಯುವ ತನಕ ಕೈ ವಾಸನೆ. ಆದರೂ ಒಲೆಯಲ್ಲಿ ನೀಲಿ ಜ್ವಾಲೆ ನೋಡಿದಾಗ ನಾನೇ ಮಾಡಿದ್ದು ಅನ್ನಿಸುತ್ತಿತ್ತು. ನನ್ನ ಎಂಜಿನಿಯರಿಂಗ್ ಶುರುವಾದದ್ದು ಆ ತೊಟ್ಟಿಯಲ್ಲೇ ಅಂತ ಇಂಟರ್‌ವ್ಯೂಗಳಲ್ಲಿ ಹೇಳಿದ್ದೂ ಉಂಟು. ಕೇಳಿದವರಿಗೆ ಇಷ್ಟವಾಗುತ್ತಿತ್ತು.

ಈಗ ಅದರ ತೊಟ್ಟಿಯ ಮೇಲೆ ಒಂದು ಹಾಸುಗಲ್ಲು, ಕಲ್ಲಿನ ಮೇಲೆ ತೆಂಗಿನ ಸಿಪ್ಪೆ.

ಲೆಕ್ಕ ಹಾಕಿದೆ. ಎತ್ತು 2011ರಲ್ಲೇ ಮಾರಿ ಆಗಿತ್ತು, ಉಳುಮೆಗೆ ಬಾಡಿಗೆ ಟ್ರ್ಯಾಕ್ಟರು. ಉಳಿದದ್ದು ಒಂದು ಎಮ್ಮೆ, ಒಂದು ಜರ್ಸಿ ಆಕಳು. ಎರಡರಿಂದ 25 ಕಿಲೋ ಹೆಂಡಿ ಅಂದರೆ ದಿನಕ್ಕೆ ಒಂದು ಘನ ಮೀಟರ್ ಗ್ಯಾಸು. ಒಂದು ಘನ ಮೀಟರ್ ಗೊಬ್ಬರ ಗ್ಯಾಸು ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ತಿಂಗಳಿಗೆ ಹೆಚ್ಚುಕಡಿಮೆ 13 ಕಿಲೋ. ಸಿಲಿಂಡರಿನಲ್ಲಿ ಇರುವುದೇ 14.2 ಕಿಲೋ! ಪುಕ್ಕಟೆ ಬಿದ್ದಿರುವ ಹೆಂಡಿಯಲ್ಲಿ ತಿಂಗಳಿಗೊಂದು ಸಿಲಿಂಡರು. ನನಗೆ ಖುಷಿ ತಡೆಯಲಾಗದೆ ಅವ್ವನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವಳು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಹೆಂಡಿ ಕಲಸೋರು ಯಾರೋ?"

"ನಾ ಕಲಸ್ತೇನಿ."

"ಹೂಂ," ಅಂದಳು.

ಮಳೆ ಹಿಡಿಯುವ ಮುಂಚೆ ಕೆಲಸ ಶುರು ಮಾಡಿದೆವು. ಹಾಸುಗಲ್ಲು ತೆಗೆದು ಬಾಯಿ ತೆರೆದು ಒಂದು ವಾರ ಹಾಗೇ ಬಿಟ್ಟೆವು. ಒಳಗೆ ಉಳಿದ ಗಾಳಿಗೆ ಉಸಿರು ಕಟ್ಟಿ ಸತ್ತವರಿದ್ದಾರೆ, ಇದು ಆಟದ ಮಾತಲ್ಲ. ಕಾಕಾ ಬುಟ್ಟಿಯಲ್ಲಿ ಕೋಳಿ ಕೂರಿಸಿ ಹಗ್ಗದಲ್ಲಿ ಇಳಿಸಿದ. ಕೋಳಿ ಮೇಲೆ ಬಂದು ನಮ್ಮನ್ನೆಲ್ಲ ಬೈಯುತ್ತ ಓಡಿಹೋಯಿತು. ಆಮೇಲೂ ಗೌಂಡಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡೇ ಇಳಿದ. ತಳದಲ್ಲಿ ಹನ್ನೆರಡು ವರ್ಷದ ರಾಡಿ ಕಲ್ಲಾಗಿತ್ತು. ಅದನ್ನು ಒಡೆದು ತೆಗೆದು, ಬಿರುಕಿಗೆ ಸಿಮೆಂಟು ಹಚ್ಚಿ, ಪೈಪು ಬದಲಿಸಿ, ಹೊಸ ಒಲೆ ತರುವಷ್ಟರಲ್ಲಿ 11 ಸಾವಿರ ಆಯಿತು. ಗೊಬ್ಬರ ಗ್ಯಾಸಿಗೆ ಒಲೆಯೇ ಬೇರೆ, ಸಿಲಿಂಡರಿನ ಒಲೆಯ ಸಣ್ಣ ತೂತು ಅದಕ್ಕೆ ಸಾಲೋದಿಲ್ಲ. ಮೊದಲ ಸಲ ತುಂಬಿಸಲಿಕ್ಕೆ ಎರಡು ಟನ್ ಹೆಂಡಿ ಬೇಕಿತ್ತು. ಆರು ಮನೆಯಿಂದ ಕಡ ತಂದೆ. ಜೀವನದಲ್ಲಿ ಗೃಹಸಾಲ, ಕಾರಿನ ಸಾಲ ಮಾಡಿದ್ದೇನೆ, ಹೆಂಡಿಯ ಸಾಲ ಅದೇ ಮೊದಲು.

ಮೊದಲು ಬಂದ ಗ್ಯಾಸು ಹತ್ತಲೇ ಇಲ್ಲ. ಹತ್ತೋದಿಲ್ಲ, ಶುರುವಿನದು ಬರೀ ಇಂಗಾಲದ ಡೈಆಕ್ಸೈಡು, ಅದನ್ನು ಹೊರಗೆ ಬಿಡಬೇಕು. ಇಪ್ಪತ್ತು ದಿನ ಕಳೆದು ಒಂದು ಸಂಜೆ, ಹೊರಗೆ ಮಳೆ, ಕಡ್ಡಿ ಗೀರಿ ಹಿಡಿದಾಗ ಪುಸ್ ಅಂತ ನೀಲಿ ಉರಿ ಎದ್ದಿತು. ಅವ್ವ ಚಾಕ್ಕೆ ನೀರಿಟ್ಟಳು. ನನಗೆ ಅಪ್ಪನ ನೆನಪಾಯಿತು. ಅವರು 2016ರಲ್ಲಿ ತೀರಿಕೊಂಡರು.

"ಎಷ್ಟ ಛಲೋ ಇತ್ತವ್ವಾ ಇದು. ನನ್ನ ಸಿಲಿಂಡರ್ ಬಂತಂತ ಬಂದ್ ಮಾಡಬಾರದಿತ್ತು ನೀವು," ಅಂದೆ.

ಅವ್ವ ಉರಿ ಸಣ್ಣ ಮಾಡುತ್ತ ಹೇಳಿದ್ದನ್ನು ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ. "ನೀ ಹಾಸ್ಟೆಲಿಗೆ ಹ್ವಾದಿ. ನಿಮ್ಮಪ್ಪ ಮುಂಜಾನೆ ಹೊಲಕ್ಕ ಹೋಗಾಂವ. ಏಳ ವರ್ಷ ನಾನೊಬ್ಬಾಕಿ ಕಲಸೇನಿ. ಎರಡು ಬುಟ್ಟಿ ಹೆಂಡಿ, ನಾಕ ಕೊಡ ನೀರ, ಮಳಿ ಇರಲಿ ಥಂಡಿ ಇರಲಿ. ಒಂದಿನ ಬಿಟ್ರ ಮರದಿನ ಗ್ಯಾಸ್ ಇಲ್ಲ. ತವರಿಗೆ ಹೋಗಿ ಒಂದ ರಾತ್ರಿ ನಿಂತಿಲ್ಲ ನಾ. ನಿನ್ನ ಸಿಲಿಂಡರ್ ಬಂದ ದಿನ ಆ ಕಲ್ಲ ಮುಚ್ಚಿದಾಕಿ ನಾನ. ನಿಮ್ಮಪ್ಪ ಬ್ಯಾಡ ಅಂದ. ನಾ ಕೇಳಲಿಲ್ಲ."

ನಾನು ಏನೂ ಹೇಳಲಿಲ್ಲ. ಹನ್ನೆರಡು ವರ್ಷ ನಾನು ಅಂದುಕೊಂಡಿದ್ದು ಅವ್ವನನ್ನು ಹೊಗೆಯಿಂದ ಬಿಡಿಸಿದೆ ಅಂತ. ಆ ಮನೆಯಲ್ಲಿ ಆಗ ಹೊಗೆಯೇ ಇರಲಿಲ್ಲ. ಅವಳು ಬಿಡುಗಡೆ ಆದದ್ದು ಹೆಂಡಿಯ ತೊಟ್ಟಿಯಿಂದ, ಅಂದರೆ ನಾನು ಬಿಟ್ಟುಹೋದ ಕೆಲಸದಿಂದ. ಈಗ ಅದೇ ತೊಟ್ಟಿಯ ಕಲ್ಲನ್ನು ನಾನೇ ತೆಗೆದಿದ್ದೆ. ಪರಿಸರ, ಸ್ವಾವಲಂಬನೆ ಅಂತೆಲ್ಲ ಗೆಳೆಯರಿಗೆ ಫೋಟೋ ಬೇರೆ ಕಳಿಸಿದ್ದೆ.

ಆ ರಾತ್ರಿ ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಸೇರಿಸಿದೆ. ಹೆಂಡಿ ಹೊರುವುದು, ನೀರು ತರುವುದು, ಕಲಸುವುದು, ತೊಟ್ಟಿ ತೊಳೆಯುವುದು, ದಿನಕ್ಕೆ ಮುಕ್ಕಾಲು ತಾಸು. ತಿಂಗಳಿಗೆ 22 ತಾಸು, ಹತ್ತಿರ ಹತ್ತಿರ ಮೂರು ದಿನದ ಆಳು. ನಮ್ಮ ಕಡೆ ಹೆಣ್ಣಾಳಿಗೆ ಆಗ ಕೊಡುತ್ತಿದ್ದ 300ರಂತೆ 900 ರೂಪಾಯಿ. ಉಳಿತಾಯ ಎಲ್ಲಿ ಉಳಿಯಿತು? ನೂರೈವತ್ತು. ಆದರೆ ಕಟ್ಟಿಗೆಗೂ ಅದೇ ಕಾಲಂ ಹಚ್ಚಬೇಕಲ್ಲ. ವಾರಕ್ಕೆ ಎರಡು ಅರ್ಧ ದಿನ ಅಂದರೆ ತಿಂಗಳಿಗೆ ನಾಲ್ಕು ಆಳು, ಮೇಲೆ ಹೊಗೆ. ಅಂತೂ ಹೆಂಡಿ ಒಂದು ದಿನದಿಂದ ಗೆದ್ದಿತು. ಪರ್ಯಾಯ ಇಂಧನ ಅನ್ನೋ ಮಾತು ಬಂದಾಗಲೆಲ್ಲ ಈಗ ನನ್ನ ಕಣ್ಣು ಆ ಕಾಲಂ ಹುಡುಕುತ್ತದೆ. ಹೆಚ್ಚಿನ ಕಡೆ ಇರೋದಿಲ್ಲ.

ಇದನ್ನು ಮೊದಲೇ ಕಂಡವರು ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಅನ್ನೋ ಗುಂಪು ಕಟ್ಟಿದ್ದರು. ಅಸ್ತ್ರ ಒಲೆ ಅಂದರೆ ನಮ್ಮ ಹಿಂದಿನ ತಲೆಮಾರಿಗೆ ಗೊತ್ತು. ಅವರು ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಇಡೀ ಊರಿಗೊಂದು ಗೊಬ್ಬರ ಗ್ಯಾಸು ಮಾಡಿದರು. ಮೊದಲಿನ ಯೋಚನೆ ಅಡುಗೆಯದು. ಊರಿನ ದನಗಳ ಹೆಂಡಿ ಅಷ್ಟು ಒಲೆಗೆ ಸಾಲಲಿಲ್ಲ. ಹೆಂಗಸರನ್ನು ಕೇಳಿದರೆ ಅವರಿಗೆ ಬೇಕಾಗಿದ್ದದ್ದು ನೀರು. ಸರಿ, ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟು ತೆಗೆದು, ಮನೆಗಳಿಗೆ ದೀಪ, ಬೋರಿನಿಂದ ನಳಕ್ಕೆ ನೀರು ಕೊಟ್ಟರು. ಹೆಂಡಿ ತಂದುಕೊಟ್ಟವರಿಗೆ ದುಡ್ಡು, ರಾಡಿಯೂ ವಾಪಸು. ನೋಡಿಕೊಳ್ಳುತ್ತಿದ್ದದ್ದು ಅದೇ ಊರಿನ ಹುಡುಗರು. ವರ್ಷಗಟ್ಟಲೆ ನಡೆಯಿತು. ಯಂತ್ರಕ್ಕಿಂತ ಹೆಚ್ಚು ನನ್ನನ್ನು ಹಿಡಿದದ್ದು ಹೆಂಡಿ ತರೋದಕ್ಕೆ ಕೂಲಿ ಕಟ್ಟಿದ್ದು, ಮತ್ತೆ ಹೆಂಗಸರನ್ನು ಕೇಳಿದ್ದು. ನಾನು ಕೇಳಿರಲೇ ಇಲ್ಲ, ಲ್ಯಾಪ್‌ಟಾಪ್ ತೋರಿಸಿದ್ದೆ.

ಆ ಮಳೆಗಾಲ ನಾನೇ ಕಲಸಿದೆ. ಐದೂವರೆಗೆ ಎದ್ದು ಹೆಂಡಿ, ಒಂಬತ್ತಕ್ಕೆ ಸ್ಟ್ಯಾಂಡಪ್ ಕಾಲ್. ಥಂಡಿ ಗಾಳಿಗೆ ಗ್ಯಾಸು ಅರ್ಧಕ್ಕಿಳಿಯಿತು. ಒಳಗಿನ ಸೂಕ್ಷ್ಮಜೀವಿಗಳಿಗೂ ಬೆಚ್ಚಗಿರಬೇಕು. ಪೈಪಿನಲ್ಲಿ ನೀರು ನಿಂತು ಉರಿ ಲಕಲಕ ಅನ್ನುತ್ತಿತ್ತು, ವಾರಕ್ಕೊಮ್ಮೆ ಬಿಚ್ಚಿ ತೆಗೆಯಬೇಕು. ನವೆಂಬರಿನಿಂದ ಚೆನ್ನಾಗಿ ಬಂತು. ಆ ದಿನಗಳಲ್ಲಿ ಬೆಳಗಾವಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಳ್ಳೋದು ನನ್ನ ನಿತ್ಯದ ಪಾಡು. ನಮ್ಮ ಜಿಲ್ಲೆಯಲ್ಲಿ ಎರಡು ಡಜನ್ ಮೀರಿ ಸಕ್ಕರೆ ಕಾರ್ಖಾನೆಗಳಿವೆ. ಈಗ ಸಕ್ಕರೆಗಿಂತ ಎಥೆನಾಲಿನ ಮಾತೇ ಜಾಸ್ತಿ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಒಳ್ಳೆಯದೇ, ಅರಬರಿಗೆ ಹೋಗೋ ರೊಕ್ಕ ಅಥಣಿ, ಚಿಕ್ಕೋಡಿಗೆ ಬರಲಿ. ಆದರೆ ಎರಡೆರಡು ಟ್ರೈಲರ್ ಎಳೆಯುತ್ತ ಕರೀ ಹೊಗೆ ಬಿಡುವ ಆ ಟ್ರ್ಯಾಕ್ಟರಿನ ಹಿಂದೆ ನಿಂತಾಗ, ಪೆಟ್ರೋಲು ಉಳಿಸಲಿಕ್ಕೆ ಎಷ್ಟು ಡೀಸೆಲ್ಲು, ಎಷ್ಟು ಮಲಪ್ರಭೆಯ ನೀರು ಹೋಗುತ್ತಿದೆ ಅಂತ ಅನ್ನಿಸದೇ ಇರೋದಿಲ್ಲ. ಕಬ್ಬು ಕಡಿಯುವವರ ಕಾಲಂ ಬೇರೆ.

ಜನವರಿಯಲ್ಲಿ ಆಫೀಸಿನಿಂದ ಮೇಲ್ ಬಂತು. ವಾರಕ್ಕೆ ಮೂರು ದಿನ ಬೆಂಗಳೂರಿನಲ್ಲಿ ಇರಲೇಬೇಕು. ಅವ್ವ ಕೇಳಿದ್ದು ಒಂದೇ ಮಾತು, "ಕಲ್ಲ ಮತ್ತ ಮುಚ್ಚೂದೇನು?"

ಮುಚ್ಚೋಣ ಅಂತಲೇ ನಾನೂ ಅಂದೆ. ದಾರಿ ತೋರಿಸಿದ್ದು ಕಾಕೂ. ಅವರ ಮನೆಯಲ್ಲಿ ಎರಡು ಎಮ್ಮೆ. ನಮ್ಮ ಎರಡು, ಅವರ ಎರಡು ಸೇರಿದರೆ ಗುಮ್ಮಟಕ್ಕೆ ಬೇಕಾದ 50 ಕಿಲೋ ಹೆಂಡಿ ಆಗುತ್ತದೆ. ಗೋಡೆಯ ಮೇಲಿಂದ ಒಂದು ಪೈಪು ಅವರ ಅಡುಗೆಮನೆಗೆ. ಕಲಸೋದು ಕಾಕೂ. ರಾಡಿಯಲ್ಲಿ ಎರಡು ಪಾಲು ಅವರ ಹೊಲಕ್ಕೆ, ಒಂದು ಪಾಲು ನಮಗೆ. ಕೂಲಿ ಕೊಡುತ್ತೇನೆ ಅಂದರೆ ಸಿಟ್ಟಿಗೆದ್ದಳು. "ಮನಿ ಮುಂದಿನ ಕೆಲಸಕ್ಕ ಪಗಾರ ತಗೊಳಾಕ ನಾ ಏನ ನಿನ್ನ ಕಂಪನ್ಯಾಗ ಅದೀನೇನು?" ಕೊನೆಗೆ ನೀರು ಹೊರುವುದಾದರೂ ತಪ್ಪಲಿ ಅಂತ ತೊಟ್ಟಿಯ ಪಕ್ಕ ಒಂದು ನಳ ಹಾಕಿಸಿದೆ. ಕೈ ಹಾಕದೆ ಕಲಸಲಿಕ್ಕೆ ತಿರುಗಿಸುವ ಹಿಡಿಕೆಯೊಂದನ್ನು ಖಾನಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಒಳ್ಳೆಯ ಏರ್ಪಾಡು ಅಂತ ಎಲ್ಲರೂ ಅಂದರು. ನನಗೆ ಒಂದು ಮಾತ್ರ ಚುಚ್ಚುತ್ತದೆ. ನನ್ನ ಜಾಗಕ್ಕೆ ಬಂದದ್ದು ಕಾಕಾ ಅಲ್ಲ, ಕಾಕೂ. ಕಾಕಾ ಆ ಹಿಡಿಕೆಯನ್ನು ಬಂದವರಿಗೆಲ್ಲ ತೋರಿಸುತ್ತಾನೆ, ಮುಟ್ಟಿದ್ದನ್ನು ನಾನು ಕಂಡಿಲ್ಲ.

ಜಗಳ ಆಗಿಲ್ಲವಾ ಅಂದರೆ, ಆಗದೆ ಇರುತ್ತದಾ? ಬೆಳಗಿನ ಗ್ಯಾಸು ಒತ್ತಡದಲ್ಲಿ ಬರುತ್ತದೆ, ಮೊದಲು ಹಚ್ಚಿದವರಿಗೆ ಜೋರು ಉರಿ. ಕಾಕೂ ನಾಲ್ಕೂವರೆಗೇ ಏಳಲಿಕ್ಕೆ ಶುರು ಮಾಡಿದಳು, ಅವ್ವ ನಾಲ್ಕಕ್ಕೆ. ಒಂದು ವಾರ ಇಬ್ಬರ ನಡುವೆ ಮಾತಿರಲಿಲ್ಲ, ಎರಡೂ ಕಡೆಯಿಂದ ನನಗೆ ಫೋನು. ಆಮೇಲೆ ಅವರವರೇ ಮಾತಾಡಿಕೊಂಡರು. ಮುಂಜಾನೆ ಕಾಕೂದು, ಸಂಜೆ ಅವ್ವನದು. ಆ ಆಗಸ್ಟಿನಲ್ಲಿ ಸಿಲಿಂಡರಿಗೆ 200 ಇಳಿಯಿತು, ಮುಂದಿನ ಮಾರ್ಚಿನಲ್ಲಿ ಇನ್ನೊಂದು ನೂರು. ಇನ್ನು ಇವರು ಹೆಂಡಿ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಇಳಿದದ್ದು ಏರುತ್ತದೆ ಅನ್ನೋದರಲ್ಲಿ ಇಬ್ಬರಿಗೂ ಸಂಶಯ ಇಲ್ಲ.

ಪೆಟ್ರೋಲ್ ಹಾಕಿಸಿಕೊಂಡು ಮಚ್ಛೆ, ವಿಟಿಯು ದಾಟಿ ಊರು ಮುಟ್ಟಿದಾಗ ಹತ್ತು ಗಂಟೆ. ಕಾರ ಹುಣ್ಣಿಮೆ ಅಂದರೆ ಎತ್ತಿನ ಹಬ್ಬ, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ನಮ್ಮ ಓಣಿಯಲ್ಲಿ ಈಗ ಒಂದೇ ಜೋಡಿ ಎತ್ತು ಇದೆ, ಎಲ್ಲರೂ ಅದಕ್ಕೇ ಆರತಿ ಮಾಡುತ್ತಾರೆ. ಒಂದು ಟ್ರ್ಯಾಕ್ಟರಿನ ಮೂತಿಗೂ ಯಾರೋ ಬಣ್ಣ ಹಚ್ಚಿದ್ದರು. ನಮ್ಮ ಎಮ್ಮೆಯ ಕೋಡಿಗೆ ಅವ್ವ ಕೆಂಪು ಬಳಿದಿದ್ದಳು. ಹೆಂಡಿ ಕೊಡೋದು ಅದೇ ತಾನೇ ಅಂತ.

ಮರುದಿನ ಐದೂವರೆಗೆ ಎದ್ದು ಹಿತ್ತಲಿಗೆ ಹೋದರೆ ಕಾಕೂ ಆಗಲೇ ಬುಟ್ಟಿ ಇಳಿಸುತ್ತಿದ್ದಳು. ನನ್ನನ್ನು ಕಂಡು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಬಂದಿ? ಎರಡ ದಿನಾ ನೀನ ಕಲಸು. ನನಗ ನಿನ್ನೀ ಹೂರಣ ರುಬ್ಬಿ ರಟ್ಟಿ ಬಿದ್ದ ಹೋಗ್ಯಾವ."

ಹಿಡಿಕೆಗೆ ಹುಲ್ಲು ಸುತ್ತಿ ನಿಂತುಬಿಟ್ಟಿತ್ತು. ಬಿಡಿಸಲಿಕ್ಕೆ ಮೊಣಕೈ ತನಕ ಕೈ ಹಾಕಬೇಕಾಯಿತು. ಒಳಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಿಲಿಂಡರು ಹಚ್ಚಿದ ತಾರೀಖಿಗೆ ಅವ್ವ ಸುತ್ತು ಹಾಕಿದ್ದಾಳೆ. ಹೋಳಿ ಹುಣ್ಣಿಮೆಯದು. ಹಬ್ಬದ ಹೋಳಿಗೆಗೆ ಹೆಂಡಿ ಗ್ಯಾಸು ಸಾಲದೆ ನಿನ್ನೆ ಅದನ್ನೂ ಹಚ್ಚಿದ್ದಳಂತೆ. ಅಲುಗಾಡಿಸಿ ನೋಡಿ, ಇನ್ನೂ ಒಂದು ತಿಂಗಳು ಬರುತ್ತದೆ ಅಂದಳು.